ಕೋಪಕ್ಕೂ ಒಂದು ಪೀಠವಿರುವ ಅರಮನೆ

ಮಂಡಲವೆಂದರೆ ಈಗ ಬಣ್ಣ ತುಂಬುವ ಪುಸ್ತಕ, ಯೋಗ ಸ್ಟುಡಿಯೋದ ಗೋಡೆ, ಕಾಫಿ ಮಗ್, ಮೊಬೈಲ್ ವಾಲ್‌ಪೇಪರ್. ನೋಡುತ್ತಾ ಕೂತರೆ ಮನಸ್ಸು ತಣ್ಣಗಾಗುವ ಸುತ್ತುಸುತ್ತಿನ ವಿನ್ಯಾಸ, ಅಷ್ಟೇ. ಅದರಿಂದ ಯಾರಿಗಾದರೂ ನೆಮ್ಮದಿ ಸಿಕ್ಕರೆ ಒಳ್ಳೆಯದೇ. ಆದರೆ ಮಂತ್ರ, ತಂತ್ರಗಳ ಮಾರ್ಗವಾದ ವಜ್ರಯಾನದ ಬೌದ್ಧರ ಮಂಡಲಗಳನ್ನು ಹತ್ತಿರದಿಂದ ನೋಡಲು ಶುರುಮಾಡಿದ ಮೇಲೆ ನನಗೆ ಅವು ವಿನ್ಯಾಸವಾಗಿ ಕಾಣುವುದೇ ನಿಂತುಹೋಗಿದೆ. ಅಲ್ಲಿ ಬಾಗಿಲುಗಳಿವೆ, ಬಾಗಿಲಲ್ಲಿ ಕಾವಲಿನವರಿದ್ದಾರೆ, ಒಳಗೆ ಸಿಂಹಾಸನವಿದೆ, ಯಾರು ಎಲ್ಲಿ ಕೂರಬೇಕೆಂಬ ಕಟ್ಟುನಿಟ್ಟಿನ ಕ್ರಮವಿದೆ. ಅದೊಂದು ಅರಮನೆ. ಆ ಅರಮನೆಯಲ್ಲಿ ಕೋಪಕ್ಕೂ, ಆಸೆಗೂ, ಹೊಟ್ಟೆಕಿಚ್ಚಿಗೂ, ಕೊನೆಗೆ ಸೋತ ಎದುರಾಳಿಗೂ ಒಂದೊಂದು ಜಾಗವಿದೆ ಎಂಬ ಸಂಗತಿ ನನ್ನನ್ನು ವರ್ಷಗಳಿಂದ ಹಿಡಿದಿಟ್ಟಿದೆ.

ಮೊದಲು ಅದನ್ನು ಓದುವ ಬಗೆ ಹೇಳಿಬಿಡುತ್ತೇನೆ. ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ. ಟಿಬೆಟನ್ ಮಂಡಲವೆಂದರೆ ನೇರ ಮೇಲಿನಿಂದ ನೋಡಿದ ಕಟ್ಟಡದ ನಕ್ಷೆ. ಆದರೆ ಮೇಲಿನಿಂದ ನೋಡಿದರೆ ಗೋಡೆಯಾಗಲಿ ತೋರಣವಾಗಲಿ ಕಾಣುವುದಿಲ್ಲವಲ್ಲ. ಅದಕ್ಕೆ ಚಿತ್ರಕಾರರು ಸಿಹಿತಿಂಡಿಯ ರಟ್ಟಿನ ಡಬ್ಬಿಯ ನಾಲ್ಕೂ ಬದಿ ಬಿಚ್ಚಿ ನೆಲಕ್ಕೆ ಮಲಗಿಸುವ ಹಾಗೆ ಗೋಡೆಗಳನ್ನೂ ಬಾಗಿಲ ತೋರಣಗಳನ್ನೂ ಹೊರಮುಖವಾಗಿ ಮಲಗಿಸಿಬಿಡುತ್ತಾರೆ. ನಾಲ್ಕು ದಿಕ್ಕಿನಲ್ಲೂ ಕಾಣುವ ಆ ಮೆಟ್ಟಿಲುಮೆಟ್ಟಿಲಾದ ಆಕಾರ ಮಲಗಿಸಿದ ತೋರಣ. ಮನಸ್ಸಿನಲ್ಲೇ ಅದನ್ನು ಎತ್ತಿ ನಿಲ್ಲಿಸಿ, ಗೋಡೆಗಳನ್ನೂ ನಿಲ್ಲಿಸಿ. ಚಪ್ಪಟೆ ಚಿತ್ರ ಕಣ್ಣೆದುರೇ ಮೇಲೆದ್ದು ಕಟ್ಟಡವಾಗುತ್ತದೆ.

ಈಗ ಹೊರಗಿನಿಂದ ಒಳಗೆ ನಡೆಯಬಹುದು. ತೀರಾ ಹೊರಗೆ ಐದು ಬಣ್ಣದ ಜ್ವಾಲೆಯ ಸುತ್ತು. ಅದನ್ನು ದಾಟಿದರೆ ವಜ್ರಗಳನ್ನು, ಅಂದರೆ ರತ್ನವಲ್ಲ, ವಜ್ರಾಯುಧಗಳನ್ನು ಪೋಣಿಸಿದ ಬೇಲಿ. ಉಗ್ರ ದೇವತೆಗಳ ಮಂಡಲವಾದರೆ ಎಂಟು ಸ್ಮಶಾನಗಳೂ ಇರುತ್ತವೆ. ನರಿ, ಹದ್ದು, ಉರಿಯುವ ಚಿತೆ, ಧ್ಯಾನಕ್ಕೆ ಕೂತ ಸಿದ್ಧರು ಎಲ್ಲ ಇರುವ ಸ್ಮಶಾನಗಳು. ಆಮೇಲೆ ತಾವರೆ ಎಸಳಿನ ಸುತ್ತು. ಅದರ ಮೇಲೆ ಚೌಕದ ಅರಮನೆ. ಬೌದ್ಧ ತಂತ್ರಗ್ರಂಥಗಳಲ್ಲಿ ಪದೇಪದೇ ಬರುವ ಒಂದು ಸಾಲಿದೆ: ‘ಚತುರಸ್ರಂ ಚತುರ್ದ್ವಾರಂ ಚತುಸ್ತೋರಣಶೋಭಿತಂ’. ಕನ್ನಡದ ಕಿವಿಗೆ ಇದಕ್ಕೆ ಅರ್ಥ ಹೇಳಬೇಕಿಲ್ಲ. ಗೋಡೆಗಳಿಗೆ ಐದು ಬಣ್ಣದ ಐದು ಪದರ, ಮೇಲಿನಿಂದ ಇಳಿಬಿದ್ದ ಮುತ್ತಿನ ಹಾರಗಳು, ಅಂಚಿನಲ್ಲಿ ಪೂಜೆಯ ಸಾಮಗ್ರಿ ಹಿಡಿದು ನಿಂತ ದೇವಿಯರು.

ಎಲ್ಲ ಮಂಡಲಗಳ ಒಳಗೂ ಒಂದೇ ಪರಿವಾರ ಇರುವುದಿಲ್ಲ. ನಾನು ಹೆಚ್ಚು ಕಾಲ ಕಳೆದಿರುವುದು ವಜ್ರಧಾತು ಮಂಡಲದ ಜೊತೆ. ಅದರಲ್ಲಿ 37 ದೇವತೆಗಳು. ನಾಲ್ಕು ಬಾಗಿಲಲ್ಲಿ ನಾಲ್ವರು: ಪೂರ್ವಕ್ಕೆ ಅಂಕುಶ ಹಿಡಿದವನು, ದಕ್ಷಿಣಕ್ಕೆ ಪಾಶ, ಪಶ್ಚಿಮಕ್ಕೆ ಸಂಕೋಲೆ, ಉತ್ತರಕ್ಕೆ ಗಂಟೆ. ಕಾವಲಿನವರು ಅಂದಮೇಲೆ ಹೊರಗೆ ತಳ್ಳುವವರು ಅಂದುಕೊಳ್ಳುತ್ತೇವೆ. ಇವರ ಕೆಲಸ ತಿರುಗುಮುರುಗು. ಅಂಕುಶ ಹೊರಗಿರುವುದನ್ನು ಸೆಳೆಯುತ್ತದೆ, ಪಾಶ ಒಳಗೆ ಎಳೆದುಕೊಳ್ಳುತ್ತದೆ, ಸಂಕೋಲೆ ಅಲ್ಲೇ ನಿಲ್ಲಿಸುತ್ತದೆ, ಗಂಟೆ ನಲಿಸುತ್ತದೆ. ಇದಕ್ಕೆ ಹೊಂದುವ ನಾಲ್ಕು ಬೀಜಾಕ್ಷರಗಳು ‘ಜಃ ಹೂಂ ಬಂ ಹೋಃ’. ಪೂಜೆಯಲ್ಲಿ ಈ ನಾಲ್ಕನ್ನು ಕೈಮುದ್ರೆಗಳ ಜೊತೆ ಒಂದರ ಹಿಂದೆ ಒಂದು ಹೇಳುವುದನ್ನು ಕೇಳಿದರೆ, ಯಾರನ್ನೋ ಮನೆಯೊಳಗೆ ಕರೆದು, ಕೈಹಿಡಿದು, ಕೂರಿಸಿ, ಸಂತೋಷಪಡಿಸುವ ಇಡೀ ಕ್ರಿಯೆ ನಾಲ್ಕು ಉಸಿರಿನಲ್ಲಿ ಮುಗಿಯುತ್ತದೆ.

ಬಾಗಿಲು ದಾಟಿದರೆ ಎಂಟು ಪೂಜಾದೇವಿಯರು. ಲಾಸ್ಯಾ, ಮಾಲಾ, ಗೀತಾ, ನೃತ್ಯಾ ಒಳಗಿನ ನಾಲ್ವರು. ಧೂಪಾ, ಪುಷ್ಪಾ, ಆಲೋಕಾ, ಗಂಧಾ ಹೊರಗಿನ ನಾಲ್ವರು. ಅವರ ನಡುವೆ ಬುದ್ಧತ್ವದ ಹಾದಿಯಲ್ಲಿರುವ ಹದಿನಾರು ಬೋಧಿಸತ್ವರು. ಇವರಲ್ಲಿ ವಜ್ರರಾಗ ಎಂಬವನ ಕೈಯಲ್ಲಿ ಬಿಲ್ಲು ಬಾಣ. ಕಾಮದೇವನ ಆಯುಧ ಅದು, ಅನುಮಾನವೇ ಬೇಡ. ವಜ್ರಹಾಸ ಎಂಬವನು ಇದ್ದಾನೆ, ಅಂದರೆ ನಗುವಿಗೂ ಒಂದು ಪೀಠ. ಈ ಹದಿನಾರು ಜನ ನಾಲ್ವರು ನಾಲ್ವರಾಗಿ ನಾಲ್ಕು ದಿಕ್ಕಿನ ಬುದ್ಧರನ್ನು ಸುತ್ತಿ ಕೂತಿದ್ದಾರೆ. ನಟ್ಟನಡುವೆ ವೈರೋಚನ, ಅವನ ನಾಲ್ಕು ಬದಿಗೆ ಪಾರಮಿತೆಯರೆಂಬ ನಾಲ್ವರು ದೇವಿಯರು.

ಈ ಅರಮನೆ ಎಲ್ಲಿಂದ ಬಂತು? ಎಂಟು ಬೋಧಿಸತ್ವರನ್ನು ಬುದ್ಧನ ಸುತ್ತ ಕೂರಿಸುವ ಸರಳ ಮಂಡಲಗಳು ಮೊದಲು ಬಂದವು. ಅದರ ಒಳ್ಳೆಯ ಉದಾಹರಣೆ ಎಲ್ಲೋರದ 12ನೇ ಗುಹೆಯಲ್ಲಿದೆ, ಮೂರು ಅಂತಸ್ತಿನ ‘ತೀನ್ ತಾಲ್’. ಗೋಡೆಯಲ್ಲಿ ಒಂಬತ್ತು ಮನೆಗಳ ಚೌಕ ಕೊರೆದಿದ್ದಾರೆ. ನಡುಮನೆಯಲ್ಲಿ ಬುದ್ಧ, ಸುತ್ತಲಿನ ಎಂಟರಲ್ಲಿ ಅವಲೋಕಿತೇಶ್ವರ, ಮಂಜುಶ್ರೀ, ಮೈತ್ರೇಯ, ವಜ್ರಪಾಣಿ ಮೊದಲಾದವರು. ಕೈಲಾಸ ದೇವಾಲಯ ನೋಡಲು ಹೋಗುವ ನಮ್ಮ ಕಡೆಯ ಬಸ್ಸುಗಳು ಇದರ ಮುಂದೆ ನಿಲ್ಲುವುದು ಕಡಿಮೆ. ದಯವಿಟ್ಟು ನಿಲ್ಲಿ. ಚೌಕವನ್ನು ಹಂಚಿ ಹಂಚಿ ಯೋಚಿಸುವ ಮನಸ್ಸು ಕಲ್ಲಿನಲ್ಲಿ ಮೊದಮೊದಲು ಮೂಡಿದ ಜಾಗಗಳಲ್ಲಿ ಅದೂ ಒಂದು.

ಆ ಗುಹೆಯ ಕಾಲ ಗಮನಿಸಿ: 7ನೇ ಶತಮಾನದ ಕೊನೆ, 8ನೇ ಶತಮಾನದ ಆರಂಭದ ಸುಮಾರು. ಗುಪ್ತರು ಹೋಗಿಯಾಗಿತ್ತು, 647ರಲ್ಲಿ ಹರ್ಷನೂ ತೀರಿಕೊಂಡ. ಉಪಖಂಡದ ತುಂಬ ರಾಜರು, ರಾಜರ ಸುತ್ತ ಸಾಮಂತರು, ಸಾಮಂತರ ಸುತ್ತ ಇನ್ನೂ ಸಣ್ಣ ಒಡೆಯರು. ನಡುವೆ ಒಬ್ಬ, ಸುತ್ತ ಹಲವರು; ಸುತ್ತಲಿನವರಲ್ಲಿ ಒಬ್ಬ ಬಲಿತರೆ ನಾಳೆ ಅವನೇ ನಡುವೆ. ಕನ್ನಡನಾಡಿನ ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ಬಾದಾಮಿ ಚಾಲುಕ್ಯರ ಸಾಮಂತನಾಗಿದ್ದ ದಂತಿದುರ್ಗ 8ನೇ ಶತಮಾನದ ನಡುಭಾಗದಲ್ಲಿ ಅವರನ್ನೇ ಮಣಿಸಿ ರಾಷ್ಟ್ರಕೂಟ ಸಾಮ್ರಾಜ್ಯ ಕಟ್ಟಿದ. ಅವನ ಶಾಸನ ಇರುವುದೂ ಎಲ್ಲೋರದಲ್ಲೇ, ಮೂರೇ ಗುಹೆ ಆಚೆ, ದಶಾವತಾರ ಗುಹೆಯಲ್ಲಿ.

ಮಂಡಲದ ಬೌದ್ಧ ರೂಪ ಬಲಿತದ್ದು ಈ ರಾಜಕೀಯದ ನಡುವೆಯೇ ಎಂದು ಇತಿಹಾಸಕಾರ ರೊನಾಲ್ಡ್ ಡೇವಿಡ್‌ಸನ್ ವಾದಿಸಿದ್ದಾರೆ. ಆ ವಾದ ನನಗೆ ಬಹಳ ಮಟ್ಟಿಗೆ ಒಪ್ಪಿಗೆ. ದೀಕ್ಷೆಯನ್ನೇ ನೋಡಿ. ಅದರ ಹೆಸರು ಅಭಿಷೇಕ. ನೀರು ಎರೆಯುತ್ತಾರೆ, ಕಿರೀಟ ಇಡುತ್ತಾರೆ, ಕೈಗೆ ವಜ್ರ ಕೊಡುತ್ತಾರೆ, ಗಂಟೆ ಕೊಡುತ್ತಾರೆ, ಹೊಸ ಹೆಸರು ಕೊಡುತ್ತಾರೆ. ಇದು ಪಟ್ಟಾಭಿಷೇಕವೇ. ಯುದ್ಧ, ಲೂಟಿ, ವಲಸೆಗಳ ನಡುವೆ ದಾನ ಕೊಡುವ ಅರಸರನ್ನೂ ವರ್ತಕರನ್ನೂ ಕಳೆದುಕೊಳ್ಳುತ್ತಿದ್ದ ವಿಹಾರಗಳು ಅಧಿಕಾರದ ಇಡೀ ಭಾಷೆಯನ್ನು ಒಳಗೆ ತಂದುಕೊಂಡು ಅದನ್ನು ಮನಸ್ಸಿನ ಭಾಷೆಯಾಗಿ ಬಳಸತೊಡಗಿದವು. ಸಾಧಕ ಬಡಭಿಕ್ಷುವಾಗಿದ್ದರೂ ಧ್ಯಾನದಲ್ಲಿ ಅವನೇ ಸಿಂಹಾಸನದ ಮೇಲೆ ಕೂರಬೇಕು. ಕೇಡು ತುಂಬಿದ ಲೋಕವನ್ನು ಬಿಟ್ಟು ಓಡಿಹೋಗುವ ಬದಲು ಅದನ್ನು ಆಳುವವನಂತೆ ಎದುರಿಸುವ ಧೈರ್ಯ ಇದರಲ್ಲಿದೆ ಅನ್ನಿಸುತ್ತದೆ ನನಗೆ.

ಆದರೆ ಈ ಭಾಷೆ ಪುಕ್ಕಟೆ ಬರಲಿಲ್ಲ. ವಜ್ರಧಾತು ಮಂಡಲವನ್ನು ಹೇಳುವ ಮೂಲ ಗ್ರಂಥ ‘ಸರ್ವತಥಾಗತತತ್ತ್ವಸಂಗ್ರಹ’. ಅದರಲ್ಲಿ ಒಂದು ಪ್ರಸಂಗವಿದೆ. ಎಲ್ಲ ದೇವತೆಗಳೂ ಮಂಡಲಕ್ಕೆ ಬರಬೇಕೆಂದು ವಜ್ರಪಾಣಿ ಕರೆಯುತ್ತಾನೆ. ಮಹೇಶ್ವರ ಬರಲು ಒಪ್ಪುವುದಿಲ್ಲ. ಮೂರು ಲೋಕದ ಒಡೆಯ ನಾನು, ಒಬ್ಬ ಯಕ್ಷನ ಮಾತು ಕೇಳಬೇಕೇ ಎನ್ನುತ್ತಾನೆ. ವಜ್ರಪಾಣಿ ಅವನನ್ನೂ ಉಮೆಯನ್ನೂ ಕಾಲಿನಡಿ ಹಾಕಿ ತುಳಿಯುತ್ತಾನೆ. ಮಹೇಶ್ವರ ಸಾಯುತ್ತಾನೆ. ಸತ್ತವನಿಗೆ ಆ ಪಾದದ ಸ್ಪರ್ಶದಿಂದಲೇ ಜ್ಞಾನವಾಗಿ, ದೂರದ ಒಂದು ಲೋಕದಲ್ಲಿ ಭಸ್ಮೇಶ್ವರನಿರ್ಘೋಷ ಎಂಬ ಬುದ್ಧನಾಗುತ್ತಾನೆ. ಅವನ ಪರಿವಾರದ ದೇವತೆಗಳಿಗೆಲ್ಲ ಹೊಸ ಹೆಸರಿಟ್ಟು ಮಂಡಲದಲ್ಲಿ ಜಾಗ ಕೊಡುತ್ತಾರೆ.

ಶಿವಪೂಜೆ ನಡೆಯುವ ಮನೆಯಲ್ಲಿ ಬೆಳೆದ ನನಗೆ ಇದನ್ನು ಓದುವುದು ಸುಲಭವಾಗಿರಲಿಲ್ಲ, ಈಗಲೂ ಅಲ್ಲ. ಇದನ್ನು ಬರೀ ಸಂಕೇತ, ಅಹಂಕಾರವನ್ನು ತುಳಿಯುವುದರ ರೂಪಕ ಎಂದು ಹೇಳಿ ನಯಗೊಳಿಸುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಆ ಕಾಲದಲ್ಲಿ ಶೈವರು ಅರಸರ ಗುರುಗಳಾಗಿ ಎಲ್ಲೆಡೆ ಗೆಲ್ಲುತ್ತಿದ್ದರು. ಬೌದ್ಧ ತಂತ್ರಗಳು ಶೈವರಿಂದ ಕ್ರಿಯೆ, ಮಂತ್ರ, ಮುದ್ರೆಗಳ ವಿಷಯದಲ್ಲಿ ಧಾರಾಳವಾಗಿ ಪಡೆದವು. ಯಾರಿಂದ ಪಡೆದರೋ ಅವರನ್ನೇ ಗೆದ್ದೆವೆಂದು ಹೇಳಿಕೊಳ್ಳಬೇಕಾದ ಒತ್ತಡ ಆ ಕಥೆಯಲ್ಲಿದೆ. ಹಾಗಿದ್ದರೂ ಕಥೆ ಮುಗಿಯುವ ರೀತಿ ನೋಡಬೇಕು. ಸಮುದ್ರಗುಪ್ತ ದಕ್ಷಿಣದ ರಾಜರನ್ನು ಹಿಡಿದು, ಬಿಟ್ಟು, ಅವರವರ ಗದ್ದುಗೆಗೆ ಮರಳಿ ಕೂರಿಸಿದ ಎಂದು ಅಲಹಾಬಾದ್ ಸ್ತಂಭಶಾಸನ ಹೇಳುತ್ತದೆಯಲ್ಲ, ಅದೇ ನೀತಿ. ಎದುರಾಳಿಯನ್ನು ಅಳಿಸಿಹಾಕುವುದಿಲ್ಲ. ಅವನಿಗೊಂದು ಪೀಠ ಕೊಡುತ್ತಾರೆ.

ಕರಾವಳಿಯಲ್ಲಿ ಇದರ ಇನ್ನೊಂದು ಮುಖ ಕಾಣಬಹುದು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ನೋಡಿದ್ದೀರಾ? ಮೂರು ಮುಖ, ಆರು ಕೈ. ಅಳುಪ ಅರಸ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಎಂದು ಪೀಠದ ಶಾಸನದಲ್ಲಿದೆ. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 968 ಎಂದು ಓದುತ್ತಾರೆ. ವಜ್ರಯಾನದ ದೇವತೆ, ಇಂದು ಶಿವನ ಗುಡಿಯಲ್ಲಿ ಪೂಜೆಗೊಳ್ಳುತ್ತಿದ್ದಾನೆ. ಗದಗದ ಹತ್ತಿರದ ಡಂಬಳದಲ್ಲಿ 1095ರ ಶಾಸನವೊಂದು ತಾರಾದೇವಿಯನ್ನು ಸ್ತುತಿಸುತ್ತದೆ, ಬಳ್ಳಿಗಾವಿಯಲ್ಲೂ ತಾರಾಭಗವತಿ ಇದ್ದಳು. ಕನ್ನಡನೆಲದಲ್ಲಿ ಇಂಥ ಅರಮನೆಗಳನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದವರು 11ನೇ ಶತಮಾನದ ಕೊನೆಯವರೆಗಾದರೂ ಇದ್ದರು ಎಂದುಕೊಂಡರೆ ಮೈ ಜುಮ್ಮೆನ್ನುತ್ತದೆ.

ಈಗ ಕೋಪದ ವಿಷಯ. ಐವರು ಬುದ್ಧರಿಗೂ ಒಂದೊಂದು ದಿಕ್ಕು, ಒಂದೊಂದು ಬಣ್ಣ, ಒಂದೊಂದು ಜ್ಞಾನ ಇದೆ. ಜೊತೆಗೆ ಒಂದೊಂದು ಕ್ಲೇಶವೂ, ಅಂದರೆ ಮನಸ್ಸನ್ನು ಕದಡುವ ದೋಷವೂ ಇದೆ. ಪೂರ್ವದ ನೀಲಿ ಅಕ್ಷೋಭ್ಯನಿಗೆ ಕೋಪ. ದಕ್ಷಿಣದ ಹಳದಿ ರತ್ನಸಂಭವನಿಗೆ ಗರ್ವ. ಪಶ್ಚಿಮದ ಕೆಂಪು ಅಮಿತಾಭನಿಗೆ ಆಸೆ. ಉತ್ತರದ ಹಸಿರು ಅಮೋಘಸಿದ್ಧಿಗೆ ಅಸೂಯೆ. ನಡುವಿನ ಬಿಳಿಯ ವೈರೋಚನನಿಗೆ ಅಜ್ಞಾನ. ಕ್ಲೇಶವನ್ನು ಕಿತ್ತೆಸೆದ ಮೇಲೆ ಜ್ಞಾನ ಬರುತ್ತದೆ ಎಂದು ಹಳೆಯ ಬೌದ್ಧ ಮಾರ್ಗ ಹೇಳುತ್ತಿತ್ತು. ವಜ್ರಯಾನ ಹೇಳುವುದು ಬೇರೆ: ಆ ಕ್ಲೇಶವೇ ತನ್ನ ಜಾಗದಲ್ಲಿ ಕೂತಾಗ ಜ್ಞಾನ. ಕೋಪ ಬಂದಾಗ ಎದುರಿನವರ ತಪ್ಪು ಎಷ್ಟು ನಿಚ್ಚಳವಾಗಿ ಕಾಣುತ್ತದೆ! ಆ ನಿಚ್ಚಳ ನೋಟದಿಂದ ‘ನಾನು, ನನಗೆ’ ಎಂಬ ಬಿಸಿಯನ್ನು ತೆಗೆದರೆ ಉಳಿಯುವುದು ಆದರ್ಶಜ್ಞಾನ, ಬಂದದ್ದನ್ನು ಬಂದ ಹಾಗೇ ತೋರಿಸುವ ಅರಿವು. ಗರ್ವ ತಿರುಗಿದರೆ ಎಲ್ಲರಲ್ಲೂ ಅದೇ ಬೆಲೆ ಕಾಣುವ ಸಮತಾಜ್ಞಾನ. ಆಸೆ ತಿರುಗಿದರೆ ಒಂದೊಂದನ್ನೂ ಅದರದರ ಚೆಲುವಿನಲ್ಲಿ ಗುರುತಿಸುವ ಪ್ರತ್ಯವೇಕ್ಷಣಜ್ಞಾನ.

ನಾನು ಬೆಳೆದ ಪರಿಸರದಲ್ಲಿ ಕೋಪ ನುಂಗಬೇಕಾದ ವಸ್ತುವಾಗಿತ್ತು. ಹೆಣ್ಣುಮಕ್ಕಳಂತೂ ನುಂಗಿ ನುಂಗಿ ಅದು ಮಂಡಿನೋವಾಗಿ, ತಲೆನೋವಾಗಿ, ಮಾತು ಬಿಡುವುದಾಗಿ ಹೊರಬರುತ್ತಿತ್ತು. ನುಂಗುವುದು, ಇಲ್ಲವೇ ಕಾರುವುದು. ಮೂರನೆಯ ದಾರಿಯೊಂದಿದೆ, ಅದನ್ನು ಎದುರಿಗೆ ಕರೆದು ಪೂರ್ವ ದಿಕ್ಕಿನಲ್ಲಿ ಕೂರಿಸಿ ಮುಖ ನೋಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ದೀಕ್ಷೆ ಪಡೆದವಳಲ್ಲ, ಸಾಧನೆಯ ಒಳಗುಟ್ಟು ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಒಂದು ಜೋಡಣೆಯನ್ನು ತಿಳಿದುಕೊಂಡದ್ದು ನನ್ನ ಬದುಕಿಗೆ ಉಪಕಾರ ಮಾಡಿದೆ, ಅದನ್ನು ಮುಚ್ಚಿಡಲಾರೆ.

ಇನ್ನೂ ಒಂದು ಹೆಜ್ಜೆ ಇದೆ. ಆಮೇಲೆ ಮೇಲೇರಿದ ತಂತ್ರಗಳಲ್ಲಿ, ಮುಖ್ಯವಾಗಿ ಗುಹ್ಯಸಮಾಜದಲ್ಲಿ, ನಡುವಿನ ಸಿಂಹಾಸನ ವೈರೋಚನನದಾಗಿ ಉಳಿಯಲಿಲ್ಲ. ಪೂರ್ವದಲ್ಲಿದ್ದ ಅಕ್ಷೋಭ್ಯ ನಡುವಿಗೆ ಬಂದ, ವೈರೋಚನ ಪೂರ್ವಕ್ಕೆ ಸರಿದ. ಕೋಪದ ಒಡೆಯ ಕೇಂದ್ರಕ್ಕೆ ಬಂದು ಕೂತ. ದಂತಿದುರ್ಗನ ನೆನಪಾಗದೇ ಇರುವುದಿಲ್ಲ.

ಈ ಮಂಡಲಗಳು ಭಾರತದಿಂದ ಹೊರಟ ದಾರಿ ಎರಡು, ಒಂದು ಪೂರ್ವಕ್ಕೆ, ಒಂದು ಉತ್ತರಕ್ಕೆ. ಪೂರ್ವದ್ದು ಮೊದಲು. ನಾಲಂದದಲ್ಲಿ ಕಲಿತ ಶುಭಕರಸಿಂಹ 716ರಲ್ಲಿ ಚೀನಾದ ಚಾಂಗಾನ್ ತಲುಪಿದಾಗ ಎಂಬತ್ತರ ಮುದುಕ. ಮಹಾವೈರೋಚನ ಸೂತ್ರವನ್ನು ಚೀನೀ ಭಿಕ್ಷು ಯೀಶಿಂಗ್ ಜೊತೆ ಕೂತು ಅನುವಾದಿಸಿದ. ಶುಭಕರಸಿಂಹನ ಬೆನ್ನಿಗೇ ಸಮುದ್ರಮಾರ್ಗದಲ್ಲಿ ಬಂದವನು ಪಲ್ಲವರ ಕಾಂಚಿಯ ನಂಟಿದ್ದ ವಜ್ರಬೋಧಿ. ವಜ್ರಧಾತು ಮಂಡಲದ ಗ್ರಂಥಗಳನ್ನು ಉಳಿಸಿಕೊಂಡು ಬಂದ ವಜ್ರಶೇಖರ ಪರಂಪರೆಯಲ್ಲಿ ಒಂದು ಕಥೆ ಹೇಳುತ್ತಾರೆ: ನಡುಗಡಲಿನಲ್ಲಿ ಬಿರುಗಾಳಿ ಎದ್ದು ಹಡಗಿನವರು ಸಾಮಾನೆಲ್ಲ ನೀರಿಗೆಸೆದರು, ಮೂಲದ ದೊಡ್ಡ ಗ್ರಂಥವೂ ಹೋಯಿತು, ಸಂಕ್ಷೇಪ ಮಾತ್ರ ಉಳಿಯಿತು ಎಂದು. ನಿಜವೋ ಅಲ್ಲವೋ, ಉಳಿದದ್ದು ತುಣುಕು ಎಂಬ ಭಾವ ಆ ಪರಂಪರೆಯಲ್ಲಿ ಗಟ್ಟಿಯಾಗಿ ನಿಂತಿದೆ. ವಜ್ರಬೋಧಿಯ ಶಿಷ್ಯ ಅಮೋಘವಜ್ರ ಮೂವರು ಟಾಂಗ್ ಚಕ್ರವರ್ತಿಗಳ ಕಾಲದಲ್ಲಿ ಆಸ್ಥಾನದ ಗುರುವಾಗಿ ಬಾಳಿದ. ಅವನ ಶಿಷ್ಯ ಹುಯಿಗುವೋ. ಹುಯಿಗುವೋ ಕೊನೆಗಾಲದಲ್ಲಿ ಕಾಯುತ್ತಿದ್ದಾಗ 805ರಲ್ಲಿ ಬಂದವನು ಜಪಾನಿನ ತರುಣ ಭಿಕ್ಷು ಕೂಕೈ.

ದೀಕ್ಷೆ ಪಡೆಯುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ನೆಲದಲ್ಲಿ ಹಾಸಿದ ಮಂಡಲದ ಮೇಲೆ ಹೂವೆಸೆಯಬೇಕು. ಅದು ಯಾರ ಮೇಲೆ ಬೀಳುತ್ತದೋ ಅವರೇ ಅವರವರ ದೇವತೆ. ಇದು ಭಾರತದಿಂದ ಹೋದ ಕ್ರಮ, ಟಿಬೆಟನ್ ದೀಕ್ಷೆಯಲ್ಲೂ ಇದೆ. ಕೂಕೈ ಎರಡು ಮಂಡಲಗಳ ಮೇಲೆ ಎರಡು ಬಾರಿ ಎಸೆದ. ಎರಡೂ ಸಲ ಹೂ ಬಿದ್ದದ್ದು ಮಹಾವೈರೋಚನನ ಮೇಲೆ. ಹುಯಿಗುವೋ ತನಗೆ ತಿಳಿದದ್ದೆಲ್ಲ ಕೆಲವೇ ತಿಂಗಳಲ್ಲಿ ಧಾರೆಯೆರೆದು, ಲಿ ಝೆನ್ ಮೊದಲಾದ ಚಿತ್ರಕಾರರಿಂದ ಮಂಡಲಗಳನ್ನು ಬರೆಸಿಕೊಟ್ಟು ತೀರಿಕೊಂಡ. ಈ ಬೋಧನೆ ಎಷ್ಟು ಆಳವೆಂದರೆ ಬರವಣಿಗೆಯಲ್ಲಿ ಹಿಡಿಯಲಾಗದು, ಚಿತ್ರದ ಮೂಲಕವೇ ತಿಳಿಸಬೇಕು ಎಂದು 806ರಲ್ಲಿ ಹಿಂದಿರುಗಿದ ಕೂಕೈ ಆಸ್ಥಾನಕ್ಕೆ ಒಪ್ಪಿಸಿದ ಪಟ್ಟಿಯಲ್ಲಿ ವಿವರಿಸಿದ್ದಾನೆ. 845ರಲ್ಲಿ ಚೀನಾದಲ್ಲಿ ವಿಹಾರಗಳ ಮೇಲೆ ದಬ್ಬಾಳಿಕೆ ನಡೆದು ಅಲ್ಲಿ ಈ ಪರಂಪರೆ ಬಡವಾಯಿತು. ಜಪಾನಿನಲ್ಲಿ ಶಿಂಗೋನ್ ಎಂಬ ಹೆಸರಿನಲ್ಲಿ ಬೆಳೆಯಿತು.

ಶಿಂಗೋನ್ ದೇವಾಲಯಗಳಲ್ಲಿ ಎರಡು ಮಂಡಲಗಳನ್ನು ಎದುರುಬದುರು ತೂಗುಹಾಕುತ್ತಾರೆ. ಪಶ್ಚಿಮಕ್ಕೆ ವಜ್ರಧಾತು, ಒಂಬತ್ತು ಚೌಕಗಳದ್ದು, ಸಾವಿರದ ನಾನೂರಕ್ಕೂ ಹೆಚ್ಚು ಮೂರ್ತಿಗಳು. ಪೂರ್ವಕ್ಕೆ ಗರ್ಭಧಾತು, ನಡುವೆ ಎಂಟೆಸಳಿನ ಕೆಂಪು ತಾವರೆ, ಸುತ್ತ ನಾನೂರು ಚಿಲ್ಲರೆ ಮೂರ್ತಿಗಳು. ಗರ್ಭಧಾತುವಿನ ಹೊರ ಅಂಚನ್ನು ನೋಡಿದರೆ ನಮ್ಮವರೇ ಸಾಲಾಗಿ ಕೂತಿದ್ದಾರೆ: ಇಂದ್ರ, ಅಗ್ನಿ, ಯಮ, ವರುಣ, ಬ್ರಹ್ಮ, ಗಣಪತಿ, ನಕ್ಷತ್ರಗಳು, ಮೇಷ ವೃಷಭಾದಿ ರಾಶಿಗಳು, ರಾಕ್ಷಸರೂ ಕೂಡ. ಯಾರನ್ನೂ ಹೊರಗಿಟ್ಟಿಲ್ಲ.

ಉತ್ತರದ ದಾರಿಯಲ್ಲಿ ನಾನು ಕಣ್ಣಾರೆ ಕಂಡದ್ದು ತಾಬೋ. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ 996ರಲ್ಲಿ ಸ್ಥಾಪನೆಯಾದ ವಿಹಾರ. ಹೊರಗಿನಿಂದ ಮಣ್ಣಿನ ದಿಬ್ಬದಂತಿದೆ, ಬಣ್ಣವೂ ಮಣ್ಣಿನದೇ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದಾಯಿತು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗೋಡೆಗಳಿಂದ ಮೂರ್ತಿಗಳು ಒಂದೊಂದಾಗಿ ಹೊರಬರುತ್ತವೆ. ನೆಲಕ್ಕೆ ತಾಗಿಲ್ಲ, ತಲೆಮಟ್ಟಕ್ಕಿಂತ ಮೇಲೆ, ಗೋಡೆಗೆ ಬೆನ್ನಂಟಿಸಿ ತೇಲುತ್ತಿರುವ ಗಾರೆಯ ಮೂರ್ತಿಗಳು, ಮೂವತ್ತಕ್ಕೂ ಹೆಚ್ಚು. ನಡುವೆ ನಾಲ್ಕು ದಿಕ್ಕಿಗೆ ನಾಲ್ಕಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ವೈರೋಚನ. ಇದೇ ವಜ್ರಧಾತು ಮಂಡಲ, ಬಟ್ಟೆಯ ಮೇಲಲ್ಲ, ಕೋಣೆಯಾಗಿ. ಕಾಗದದ ಮೇಲೆ ಅಷ್ಟು ಸಲ ಎತ್ತಿ ನಿಲ್ಲಿಸಿದ ಗೋಡೆಗಳ ನಡುವೆ ನಾನು ನಿಂತಿದ್ದೆ. ಯಾವ ದೇವತೆ ಎಲ್ಲಿ ಎಂದು ಮೊದಲು ಲೆಕ್ಕ ಹಾಕುತ್ತಿದ್ದವಳು ಆಮೇಲೆ ಲೆಕ್ಕ ಬಿಟ್ಟು ಪ್ರದಕ್ಷಿಣೆ ಹಾಕಿದೆ.

ಟಿಬೆಟಿಗೆ ಹೋದ ಪರಂಪರೆ ಸುತ್ತಿಬಳಸಿ ಕರ್ನಾಟಕಕ್ಕೇ ಬಂದಿದೆ. ಚೀನಾದ ಆಕ್ರಮಣದ ನಂತರ 1960ರಿಂದ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆ ನಿರಾಶ್ರಿತರ ವಸತಿಗಳಾದವು. ಹುಣಸೂರು ಬಳಿಯ ಗುರುಪುರದಲ್ಲಿರುವ ಗ್ಯೂಮೆ ತಾಂತ್ರಿಕ ವಿಹಾರ ಮೂಲದಲ್ಲಿ 1433ರಲ್ಲಿ ಟಿಬೆಟಿನಲ್ಲಿ ಸ್ಥಾಪನೆಯಾದದ್ದು. ಗುಹ್ಯಸಮಾಜ, ಚಕ್ರಸಂವರ, ವಜ್ರಭೈರವ ಎಂಬ ಮೂರು ತಂತ್ರಗಳ ಕ್ರಿಯೆ, ಮಂಡಲ ರಚನೆ ಅಲ್ಲಿನ ಭಿಕ್ಷುಗಳ ಮುಖ್ಯ ವಿದ್ಯೆ. ಮೈಸೂರಿನಿಂದ ಗಂಟೆ ಒಂದೂವರೆ ದಾರಿ.

ಬೈಲಕುಪ್ಪೆಯ ಕಡೆ ಮರಳಿನ ಮಂಡಲ ಬರೆಯುವುದನ್ನು ಹತ್ತಿರ ಕೂತು ನೋಡುವ ಅವಕಾಶ ನನಗೆ ಸಿಕ್ಕಿದೆ. ಮೊದಲು ಬಣ್ಣದಲ್ಲಿ ಅದ್ದಿದ ದಾರ ಎಳೆದು ಗೆರೆ ಹೊಡೆಯುತ್ತಾರೆ. ಆಮೇಲೆ ನಡುವಿನಿಂದ ಹೊರಕ್ಕೆ ತುಂಬುತ್ತಾ ಹೋಗುತ್ತಾರೆ. ಚಕ್‌ಪುರ್ ಎಂಬ ಉದ್ದನೆಯ ಲೋಹದ ಕೊಳವೆ. ಮೈಮೇಲೆ ಗೀರುಗಳ ಸಾಲು. ಎರಡನೆಯ ಕೊಳವೆಯಿಂದ ಆ ಗೀರುಗಳನ್ನು ಉಜ್ಜಿದಾಗ ನಡುಕಕ್ಕೆ ಸೋರುವ ಮರಳು ಗೆರೆಯಾಗುತ್ತದೆ. ಮೆಲ್ಲಗೆ ಉಜ್ಜಿದರೆ ಕೂದಲೆಳೆಯಷ್ಟು ಸಣ್ಣ ಗೆರೆ, ಜೋರಾಗಿ ಉಜ್ಜಿದರೆ ಹೊಳೆ. ಕೋಣೆಯ ತುಂಬ ಜೀರುಂಡೆಯಂಥ ಸದ್ದು. ತಪ್ಪಿದ ಮರಳನ್ನು ಅಂಚಿನಿಂದ ಒತ್ತಿ ಸರಿಪಡಿಸುತ್ತಾರೆ. ಒಬ್ಬರಿಗೆ ಕೆಮ್ಮು ಬಂದು ಎದ್ದು ಹೊರಗೆ ಓಡಿದರು, ಯಾಕೆಂದು ಕೇಳಬೇಕಾಗಲಿಲ್ಲ.

ಇಲ್ಲಿ ಯಾರ ಸ್ವಂತ ಕಲ್ಪನೆಗೂ ಜಾಗವಿಲ್ಲ. ವಿಕ್ರಮಶಿಲೆಯ ಅಭಯಾಕರಗುಪ್ತ 1100ರ ಆಸುಪಾಸಿನಲ್ಲಿ ‘ನಿಷ್ಪನ್ನಯೋಗಾವಲೀ’ಯಲ್ಲಿ 26 ಮಂಡಲಗಳ ವಿವರ ಕೊಟ್ಟ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು ಎಂಬುದೆಲ್ಲ ನಿಗದಿ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1916ರಲ್ಲಿ ತನ್ನ ಮೊದಲ ಮಂಡಲ ಬರೆದು, ಇದು ಒಳಮನಸ್ಸು ತನ್ನನ್ನು ತಾನೇ ಕೂಡಿಸಿಕೊಳ್ಳುವ ಚಿತ್ರ, ತಾನಾಗಿ ಮೂಡುತ್ತದೆ ಎಂದು ಪ್ರಚುರಪಡಿಸಿದ. ಬಣ್ಣ ತುಂಬುವ ಪುಸ್ತಕಗಳು ಆ ಮಾತಿನ ಮರಿಮಕ್ಕಳು. ಅವನ ಕೆಲಸಕ್ಕೆ ಬೆಲೆಯಿದೆ, ಆದರೆ ಚಕ್‌ಪುರ್ ಹಿಡಿದ ಭಿಕ್ಷು ತನ್ನ ಮನಸ್ಸನ್ನು ಕಾಗದಕ್ಕಿಳಿಸುತ್ತಿಲ್ಲ. ಅವನು ಇನ್ನೊಬ್ಬರಿಂದ ಪಡೆದ ಮನೆಯ ಅಳತೆಗೆ ತನ್ನ ಮನಸ್ಸನ್ನು ಒಗ್ಗಿಸುತ್ತಿದ್ದಾನೆ.

ಮುಗಿದ ಮೇಲೆ ಅಳಿಸುತ್ತಾರೆ ಎಂಬುದೊಂದೇ ಎಲ್ಲರಿಗೂ ಗೊತ್ತಿರುವ ವಿಷಯ, ವಿಡಿಯೋಗಳಲ್ಲಿ ಓಡಾಡುವುದೂ ಅದೇ. ಅಳಿಸುವುದಕ್ಕೂ ಕ್ರಮವಿದೆ ಎಂಬುದು ಅಲ್ಲಿ ಕಾಣುವುದಿಲ್ಲ. ಪೂಜೆ ಸಲ್ಲಿಸಿ ದೇವತೆಗಳನ್ನು ಬೀಳ್ಕೊಡಬೇಕು. ಹಿರಿಯ ಲಾಮಾ ದೇವತೆಗಳ ಜಾಗದ ಮರಳನ್ನು ಚಿಟಿಕೆಯಲ್ಲಿ ಎತ್ತಬೇಕು. ವಜ್ರ ಹಿಡಿದು ಮುಖ್ಯ ಗೆರೆಗಳನ್ನು ಸೀಳಬೇಕು. ಆಮೇಲೆ ಅಂಚಿನಿಂದ ನಡುವಿಗೆ ಗುಡಿಸಿ, ಕಲಶಕ್ಕೆ ತುಂಬಿ, ಹರಿಯುವ ನೀರಿಗೆ ಬಿಡುತ್ತಾರೆ. ದಕ್ಷಿಣ ಕನ್ನಡ, ಉಡುಪಿಯ ನಾಗಮಂಡಲ ಕಂಡವರಿಗೆ ಇದು ಹೊಸ ಅನುಭವವಾಗಲಾರದು: ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಐದು ಬಣ್ಣದ ಪುಡಿಯಲ್ಲಿ ನಾಗನನ್ನು ಬರೆದು, ರಾತ್ರಿಯಿಡೀ ಕುಣಿದು, ಅಳಿಸುತ್ತಾರೆ. ಎರಡಕ್ಕೂ ನಂಟು ಕಟ್ಟಲು ನಾನು ಹೋಗುವುದಿಲ್ಲ. ಕದ್ರಿಯ ಲೋಕೇಶ್ವರನ ನೆರೆಯಲ್ಲೇ ಈ ವಿದ್ಯೆ ಉಳಿದಿದೆ ಎಂಬುದನ್ನು ಮಾತ್ರ ಗುರುತಿಸಿಡುತ್ತೇನೆ.

ಇನ್ನೂ ನೋಡಬೇಕಾದದ್ದು ಕ್ಯೋಟೋದ ತೋಜಿ. 823ರಲ್ಲಿ ಚಕ್ರವರ್ತಿ ಕೂಕೈಗೆ ಕೊಟ್ಟ ದೇವಾಲಯ. ಅದರ ಉಪನ್ಯಾಸ ಮಂದಿರದ ಜಗಲಿಯ ಮೇಲೆ ಕೂಕೈ ಯೋಜಿಸಿದ 21 ಮೂರ್ತಿಗಳ ಮಂಡಲವಿದೆ; 839ರಲ್ಲಿ, ಅವನು ತೀರಿಕೊಂಡ ಕೆಲವು ವರ್ಷಗಳ ಮೇಲೆ, ಪ್ರತಿಷ್ಠೆಯಾಯಿತು. ನಡುವೆ ಐವರು ಬುದ್ಧರು, ಒಂದು ಬದಿಗೆ ಐವರು ಬೋಧಿಸತ್ವರು, ಇನ್ನೊಂದು ಬದಿಗೆ ಬೆಂಕಿ ಹೊತ್ತ ಐವರು ಉಗ್ರಮೂರ್ತಿಗಳು, ನಾಲ್ಕು ಮೂಲೆಗೆ ನಾಲ್ವರು ದಿಕ್ಪಾಲಕರು, ಎರಡು ತುದಿಗೆ ಬ್ರಹ್ಮ ಮತ್ತು ಇಂದ್ರ. ಉಗ್ರಮೂರ್ತಿಗಳಲ್ಲಿ ವಜ್ರಪಾಣಿಯ ಉಗ್ರರೂಪವಾದ ತ್ರೈಲೋಕ್ಯವಿಜಯನ ಕಾಲಿನಡಿ ಮಹೇಶ್ವರನೂ ಉಮೆಯೂ ಇದ್ದಾರೆ. ಆ ಕಥೆ ಅಷ್ಟು ದೂರ ಹೋಗಿದೆ. 1486ರಲ್ಲಿ ದಂಗೆಯ ಬೆಂಕಿಗೆ ಮಂದಿರ ಸುಟ್ಟಿತು. ಹದಿನೈದು ಮೂರ್ತಿಗಳನ್ನು ಉಳಿಸಿಕೊಂಡರು, ನಡುವಿನ ಐವರು ಬುದ್ಧರೂ ಒಬ್ಬ ಬೋಧಿಸತ್ವನೂ ಹೋದರು. ಮಂಡಲದ ನಡುಭಾಗವೇ ಖಾಲಿಯಾಯಿತು, ಆದರೆ ಅಲ್ಲಿ ಯಾರಿರಬೇಕು, ಯಾವ ದಿಕ್ಕಿಗೆ ಯಾರು ಎಂಬುದು ಗೊತ್ತಿತ್ತು. ಮಂದಿರವನ್ನು ಮತ್ತೆ ಕಟ್ಟಿ, ಆರು ಮೂರ್ತಿಗಳನ್ನು ಹೊಸದಾಗಿ ಕೆತ್ತಿ, ಅವರವರ ಜಾಗದಲ್ಲಿ ಕೂರಿಸಿದರು.